ಗಡಿಯಾರ ತೆಗೆದಿಟ್ಟ ಹವಾಲ್ದಾರ

ಬೆಳಗಿನ ಐದು ಗಂಟೆ. ಕಲ್ಲೋಳಿಯಲ್ಲಿ ಕರೆಂಟು ಏಳರವರೆಗೆ ಮಾತ್ರ. ಸರ್ಕಾರಿ ಸಾಕ್ಷರತಾ ಯೋಜನೆಯ ಕೇಂದ್ರದಲ್ಲಿ ಮಾಜಿ ಹವಾಲ್ದಾರ ಬಾಳೇಶ ಅಲ್ಲಿರುವ ಒಂದೇ ಕಂಪ್ಯೂಟರಿನ ಧೂಳು ಒರೆಸುತ್ತಾರೆ. ಹೊಲಕ್ಕೆ ಹೋಗುವ ಮುನ್ನ ಓದು ಕಲಿಯಲು ಬಂದ ಹನ್ನೊಂದು ಹೆಂಗಸರು ಚಾಪೆಯ ಮೇಲೆ ಕೂತಿದ್ದಾರೆ. ನಿನ್ನೆ ಸಂಜೆ ಬಾಗಿಲಿಗೆ ಯಾರೋ ನೋಟೀಸು ಅಂಟಿಸಿ ಹೋಗಿದ್ದಾರೆ: ಕೇಂದ್ರ ಬಂದ್, ಸೋಮವಾರ ಕಂಪ್ಯೂಟರು ವಾಪಸು. ಕತ್ತಲಲ್ಲಿ ಬಂದ ಇವರ್ಯಾರೂ ಅದನ್ನು ನೋಡಿಲ್ಲ; ಹೇಳಲು ಬಾಳೇಶರಿಗೆ ಬಾಯೇ ಬರುತ್ತಿಲ್ಲ.

ಸೈನ್ಯದಲ್ಲಿ ಅವರು ಜವಾನರಿಗೆ ಕಂಪ್ಯೂಟರಿನಲ್ಲಿ ಓದು, ಲೆಕ್ಕ ಕಲಿಸುತ್ತಿದ್ದವರು. 2001ರಲ್ಲಿ ನಿವೃತ್ತರಾದಾಗ ಅನುಮತಿ ಪಡೆದು ಆ ಪಾಠಗಳನ್ನು ಫ್ಲಾಪಿಗಳಲ್ಲಿ ತಂದರು. ಅವುಗಳಲ್ಲಿ ಎಣಿಸಬೇಕಾದದ್ದು ಕಾಡತೂಸು, ಓದಬೇಕಾದದ್ದು ಮಿಲಿಟರಿ ಆರ್ಡರು. ಎರಡು ವರ್ಷ ಕೂತು ಎಲ್ಲವನ್ನೂ ಕನ್ನಡಕ್ಕೆ ತಂದು, ಕಾಡತೂಸಿನ ಜಾಗದಲ್ಲಿ ಮೆಂತ್ಯ ಸೊಪ್ಪಿನ ಸೂಡು, ಮಿಲಿಟರಿ ಆರ್ಡರಿನ ಜಾಗದಲ್ಲಿ ಗೋಕಾಕ ಬಸ್ಸಿನ ಬೋರ್ಡು ಕೂರಿಸಿದರು.

ಪರದೆಯ ಮೂಲೆಯ ಗಡಿಯಾರವನ್ನು ಮಾತ್ರ ಹಾಗೇ ಬಿಟ್ಟಿದ್ದರು. ಉತ್ತರ ಕೊಡಲು ಮೂವತ್ತು ಸೆಕೆಂಡು ದಾಟಿದರೆ ಕೀಂ ಎಂಬ ಸದ್ದು, ಪಾಠ ಮತ್ತೆ ಮೊದಲಿನಿಂದ. ಮೊದಲ ದಿನವೇ ಆ ಸದ್ದಿಗೆ ಅರವತ್ತು ದಾಟಿದ ರಾಯವ್ವ ಎದ್ದು ಮನೆಗೆ ಹೊರಟೇಬಿಟ್ಟರು. "ಮನ್ಯಾಗ ಬೈಸ್ಕೊಂಡದ್ದ ಸಾಲದಂತ ಈ ಡಬ್ಬಿ ಕೈಲೂ ಬೈಸ್ಕೋಬೇಕೇನು? ನಾ ಒಲ್ಲೆಪಾ!"

"ತಪ್ಪ ನಂದರಿ," ಎಂದು ನನ್ನೊಡನೆ ಹೇಳಿಕೊಳ್ಳುತ್ತಾರೆ ಬಾಳೇಶ. "ಜವಾನಗ ಅವಸರ ಕಲಸ್ಬೇಕು. ಈ ಅವ್ವಗೋಳಿಗೆ ಯಾಕ್ರಿ ಅವಸರ? ಮರುದಿನಾನ ಗಡಿಯಾರ ತಗದ ಒಗದೆ. ಮನಿಗಿ ಹೋಗಿ ಕರಕೊಂಡ ಬಂದೆ."

ಹೋದ ತಿಂಗಳು ತಪಾಸಣೆಗೆ ಬಂದ ಸಾಹೇಬರಿಗೆ ಇದೇ ದೊಡ್ಡ ಅಪರಾಧವಾಗಿ ಕಂಡಿತು. ಗಡಿಯಾರವಿಲ್ಲದೆ ಎಂಥ ಪರೀಕ್ಷೆ ಎಂದು ಗದರಿದರು. ಒಬ್ಬರ ಬಾಯಿಂದಲೂ ಒಂದಕ್ಷರ ಓದಿಸಲಿಲ್ಲ. ಕುರ್ಚಿಯಲ್ಲೇ ಚಹಾ ಕುಡಿದು, ವರದಿಯಲ್ಲಿ 'ಕಲಿಕೆ ನಿಧಾನ' ಎಂದು ಗೀಚಿ ಜೀಪು ಹತ್ತಿದರು. ಅದರ ಫಲವೇ ಈ ನೋಟೀಸು. ಏನು ದಿಮಾಕು! ಅವರದೇ ಕಚೇರಿಯಲ್ಲಿ ಇದೇ ಯೋಜನೆಯ ನಾಲ್ಕು ಕಂಪ್ಯೂಟರುಗಳು ವರ್ಷದಿಂದ ಪ್ಲಾಸ್ಟಿಕ್ ಹೊದ್ದು ಮಲಗಿವೆ. ಅವುಗಳ ಮುಂದೆ ಎಷ್ಟು ಜನ ಕಲಿತರೆಂದು ಕೇಳುವವರೇ ಇಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಆರೂವರೆಗೆ ಪಾಠ ಮುಗಿಯುತ್ತದೆ. ಚಪ್ಪಲಿ ಮೆಟ್ಟುತ್ತಿದ್ದ ರಾಯವ್ವ ನೋಟೀಸಿನ ಮುಂದೆ ನಿಲ್ಲುತ್ತಾರೆ. ಅಕ್ಷರದ ಕೆಳಗೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ, ಕೊನೆಯ ಸಾಲಿನವರೆಗೂ ಓದುತ್ತಾರೆ. ಐದಾರು ನಿಮಿಷ ಹಿಡಿಯುತ್ತದೆ. ಯಾರೂ ಅವಸರ ಮಾಡುವುದಿಲ್ಲ.

"ತಮ್ಮಾ, ಇದನ್ನ ನಮ್ಮಿಂದ ಮುಚ್ಚಿ ಇಟ್ಟಿದ್ದೇನು?" ಎಂದು ರಾಯವ್ವ ತಿರುಗುತ್ತಾರೆ. "ಇದಕ್ಕ ಉತ್ತರ ನಾವ ಬರಿತೇವಿ. ಹೆಂಗ ಬರಿಯೂದು, ಅಷ್ಟ ಕಲಸು."

ಕರೆಂಟು ಹೋಗಲು ಇನ್ನೂ ಇಪ್ಪತ್ತು ನಿಮಿಷವಿದೆ. ಬಾಳೇಶ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಗುಂಡಿ ಮತ್ತೆ ಒತ್ತುತ್ತಾರೆ.

"ನನಗೇನೂ ಬ್ಯಾಡ್ರಿ," ಎಂದು ನನಗೆ ಹೇಳುತ್ತಾರೆ. "ಇವರ ಬರದದ್ದನ್ನ ಆ ಸಾಹೇಬ್ರು ಪೂರ್ತಿ ಓದಿದ್ರ ಸಾಕು. ಎಷ್ಟ ಹೊತ್ತ ಹಿಡದ್ರೂ ಅಡ್ಡಿ ಇಲ್ಲ."