ತಡವಾಗಿ ಬಂದ ಅಂಕಿ

ಗೋದಾ ಚಾಮರಾಜಪೇಟೆಯಲ್ಲಿ ಏಕಾಂತಯ್ಯನವರ ವರ್ಕ್‌ಶಾಪಿನಲ್ಲಿ ಪುಟ್ಟ ಕಂಪ್ಯೂಟರುಗಳಿಗೆ ಪ್ರೋಗ್ರಾಮ್ ಬರೆಯುತ್ತಿದ್ದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಅವಳ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ಅರ್ಥವಾಗದಿದ್ದರೂ ಹೆಮ್ಮೆಯಂತೂ ಇತ್ತು. ಎಂಬತ್ತಾರನೇ ಇಸವಿಯಲ್ಲಿ ಬಸವನಗುಡಿಯ ಒಂದು ನರ್ಸಿಂಗ್ ಹೋಮಿಗೆ ಅವಳು ಎರಡು ಯಂತ್ರಗಳನ್ನು ಜೋಡಿಸಿಕೊಟ್ಟಳು. ಕೆಳಗೆ ಲ್ಯಾಬಿನಲ್ಲಿ ಒಂದು, ಮೇಲೆ ವಾರ್ಡಿನಲ್ಲಿ ಒಂದು, ನಡುವೆ ಒಂದು ತಂತಿ. ಲ್ಯಾಬಿನವರು ಕಳಿಸಿದ ಫಲಿತಾಂಶ ಅಕ್ಷರದ ಹಿಂದೆ ಅಕ್ಷರವಾಗಿ ತಂತಿಯಲ್ಲಿ ಹರಿದು ವಾರ್ಡಿನ ಪರದೆಯ ಮೇಲೆ ಮೂಡುತ್ತಿತ್ತು.

ಕೆಲವು ವಾರಗಳ ಮೇಲೆ ದೂರು ಬಂತು. ಗೋದಾ ಹೋಗಿ ನೋಡಿದಳು.

“ಒಂದೊಂದ್ಸಲ ಕೆಳಗಿನ ಸಾಲಲ್ಲಿ ಸುಮ್ನೆ ಒಂಟಿ ಅಂಕಿ ಬರತ್ತೆ ಕಣ್ರೀ. ನಾವು ಅಳಿಸಿಬಿಡ್ತೀವಿ,” ಎಂದಳು ವಾರ್ಡಿನ ಸಿಸ್ಟರ್.

ಹಿಂದಿನ ವಾರದ ಫಲಿತಾಂಶಗಳನ್ನೆಲ್ಲ ಅದೇ ಕ್ರಮದಲ್ಲಿ, ಒಟ್ಟಿಗೆ ಕಳಿಸುವಂತೆ ಗೋದಾ ಲ್ಯಾಬಿಗೆ ಹೇಳಿದಳು. ಪರದೆಯ ಮೇಲೆ ಕಾವೇರಮ್ಮ ಎಂಬ ಹೆಸರಿನ ಮುಂದೆ ಶುಗರ್ ೪೧ ಎಂದು ಮೂಡಿತು. ಅದರ ಕೆಳಗೆ ಒಂಟಿ ೨. ಲ್ಯಾಬಿನವರು ಕಳಿಸಿದ್ದು ೪೧೨.

ಗೋದಾಳಿಗೆ ಅರ್ಥವಾಗಿಹೋಯಿತು. ಕೆಲಸ ಹೆಚ್ಚಾದಾಗ ಲ್ಯಾಬಿನ ಯಂತ್ರ ಅಂಕಿಗಳ ನಡುವೆ ಒಂದು ಕ್ಷಣ ತಡೆಯುತ್ತಿತ್ತು. ಅಷ್ಟರಲ್ಲಿ ವಾರ್ಡಿನ ಯಂತ್ರ ಬಂದಷ್ಟನ್ನೇ ಪೂರ್ತಿ ಸಂದೇಶವೆಂದು ತೋರಿಸಿಬಿಡುತ್ತಿತ್ತು. ಸಂದೇಶ ಮುಗಿಯಿತೆಂಬ ಗುರುತು ಬರುವವರೆಗೆ ಕಾಯಬೇಕೆಂದು ಅವಳು ಬರೆದಿರಲಿಲ್ಲ.

ಸಿಸ್ಟರ್ ಪರದೆಯ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದಳು. “ಶುಗರ್ ಇಳಿದುಹೋಗಿದೆ ಅಂತ ಆಯಮ್ಮನಿಗೆ ಗ್ಲೂಕೋಸ್ ಏರಿಸಿದ್ವಿ. ಮಾರನೇ ದಿನವೇ ಹೋಗ್ಬಿಟ್ರು.”

ವರ್ಕ್‌ಶಾಪಿನಲ್ಲಿ ಏಕಾಂತಯ್ಯ ಎಲ್ಲವನ್ನೂ ಕೇಳಿ ಬಾಗಿಲು ಮುಂದೆ ಮಾಡಿದರು. “ವಯಸ್ಸಾಗಿತ್ತು, ಹೋದ್ರು. ಪ್ರೋಗ್ರಾಮ್ ಸರಿ ಮಾಡಿಕೊಟ್ಟು ಸುಮ್ನಿದ್ಬಿಡಮ್ಮ.”

ಗೋದಾ ಸರಿ ಮಾಡಿದಳು. ಕೊನೆಯ ಗುರುತು ಬಾರದೆ ಪರದೆ ಈಗ ಏನನ್ನೂ ತೋರಿಸುತ್ತಿರಲಿಲ್ಲ. ಆದರೆ ಸುಮ್ಮನಿರಲು ಅವಳಿಂದಾಗಲಿಲ್ಲ. ಸಿಸ್ಟರ್ ಹತ್ತಿರ ವಿಳಾಸ ಪಡೆದು ಎನ್.ಆರ್. ಕಾಲೋನಿಗೆ ಹೋದಳು. ಕಾವೇರಮ್ಮನ ಮಗಳು ಕೋಕಿಲಾ ಬಾಗಿಲು ತೆಗೆದಳು. ಗೋದಾ ನಡೆದದ್ದನ್ನೆಲ್ಲ ಹೇಳಿದಳು.

ಕೋಕಿಲಾ ಗೋಡೆಗೊರಗಿ ಕೂತಳು. “ಹಬ್ಬದ ದಿನ ಅಮ್ಮ ಆಸೆಪಟ್ರು ಅಂತ ನಾನೇ ಹೋಳಿಗೆ ಕೊಟ್ಟಿದ್ದೆ. ‘ನೀನೇ ಅಮ್ಮನ್ನ ಕೊಂದೆ’ ಅಂತ ಅಣ್ಣ ಮಾತು ಬಿಟ್ಟಿದಾನೆ.” ಆಮೇಲೆ ತಲೆಯೆತ್ತಿ ಕೇಳಿದಳು: “ಇದನ್ನ ಅವನೆದುರಿಗೆ ಹೇಳ್ತೀರಾ?”

ಮಲ್ಲೇಶ್ವರದಲ್ಲಿದ್ದ ಅಣ್ಣ ರಾಮಸ್ವಾಮಿಯ ಮನೆಗೆ ಇಬ್ಬರೂ ಬಸ್ಸಿನಲ್ಲಿ ಹೋದರು. ಗೋದಾ ಹೇಳಿದ್ದನ್ನು ರಾಮಸ್ವಾಮಿ ನಿಂತೇ ಕೇಳಿದ. ತಂಗಿಯ ಮುಖ ನೋಡಲಿಲ್ಲ. “ಹೊರಡಿ ಇಲ್ಲಿಂದ,” ಎಂದು ಗೋದಾಳಿಗೆ ಹೇಳಿದ, ಅಷ್ಟೇ.

ಅವನು ನರ್ಸಿಂಗ್ ಹೋಮಿಗೆ ಹೋಗಿ ಗಲಾಟೆ ಮಾಡಿದ. ಅವರು ಯಾವ ತಪ್ಪನ್ನೂ ಒಪ್ಪಲಿಲ್ಲ, ಯಂತ್ರಗಳನ್ನು ಮಾತ್ರ ವಾಪಸು ಕಳಿಸಿದರು. ಏಕಾಂತಯ್ಯ ಗೋದಾಳನ್ನು ಕೆಲಸದಿಂದ ತೆಗೆದರು. ಬೇರೆ ಕಡೆಯೂ ಅವಳಿಗೆ ಆ ಕೆಲಸ ಸಿಗಲಿಲ್ಲ. ಅಕ್ಕಿಪೇಟೆಯ ಒಂದು ಮಂಡಿಯಲ್ಲಿ ಟೈಪಿಸ್ಟ್ ಆಗಿ ಸೇರಿಕೊಂಡಳು.

ಮುಂದಿನ ವರ್ಷ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದ ಕೋಕಿಲಾ ಗೋದಾಳಿಗೆ ಎದುರಾದಳು.

“ಅಮ್ಮನ ತಿಥಿಗೆ ಅಣ್ಣ ನಮ್ಮನೆಗೇ ಬಂದಿದ್ದ. ನನ್ನ ಪಕ್ಕದಲ್ಲೇ ಊಟಕ್ಕೆ ಕೂತ,” ಎಂದಳು. ಆಮೇಲೆ ತಲೆ ತಗ್ಗಿಸಿ, “ಆದ್ರೆ ನಿಮ್ಮನ್ನ ನೋಡಿದ್ರೆ ನನಗೆ ಈಗ್ಲೂ ಆಗಲ್ಲ ಗೋದಾ,” ಎಂದಳು.

“ಗೊತ್ತು ಅಕ್ಕ,” ಎಂದು ಗೋದಾ ರಸ್ತೆ ದಾಟಿದಳು.