ಗದ್ದದ ಕೆಳಗಿನ ಕೈ

ನಮ್ಮ ಮನೆಯ ಜಗಳ ಶುರುವಾದದ್ದು ಜೋಳದ ರೊಟ್ಟಿಯಿಂದ. ಬೆಳಿಗ್ಗೆ ಮೂರು ರೊಟ್ಟಿ ಪಟಪಟ ಮುರಿದು ತಿಂದು ಡೊಂಬಿವಲಿಯಲ್ಲಿ ಲೋಕಲ್ ರೈಲು ಹಿಡಿಯುವ ನಾನು, ಸಂಜೆ ಥಾಣೆಯ ಆಫೀಸಿನಿಂದ ಬಂದು ಊಟಕ್ಕೆ ಕೂತರೆ ಒಂದರಲ್ಲೇ ಅರ್ಧ ಬಿಡುತ್ತಿದ್ದೆ. ಹಸಿವಿತ್ತು, ದವಡೆ ಮೇಲೇಳುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಸ್ಟೇಷನ್ ಹೊರಗೆ ವಡಾಪಾವ್ ಜಡಿದು ಬರುತ್ತೇನೆಂದು ಹೆಂಡತಿಯ ಅನುಮಾನ. ವಿಜಯಪುರದ ಕಡೆಯವಳು, ಅವಳ ರೊಟ್ಟಿಯನ್ನು ತಟ್ಟೆಯಲ್ಲಿ ಬಿಡುವುದೂ ಒಂದೇ, ಅವಳ ತವರನ್ನು ಬಯ್ಯುವುದೂ ಒಂದೇ.

ನನಗೂ ಸಿಟ್ಟು ಮೂಗಿನ ತುದಿಯಲ್ಲಿ. ಹಲ್ಲಿನ ಡಾಕ್ಟರ ಬಳಿ ಹೋದರೆ, ಹಲ್ಲು ಕಲ್ಲಿನಂತಿವೆ ಎಂದರು. ಕಲ್ಲಿನಂಥ ಹಲ್ಲಿಟ್ಟುಕೊಂಡು ಮಜ್ಜಿಗೆ ಅನ್ನ ನುಂಗುವವನ ಪಾಡು ನೋಡಿ!

ಒಂದು ಸಂಜೆ ನಾನು ಎಡಗೈಯಿಂದ ಗದ್ದವನ್ನು ಒತ್ತಿ ಒತ್ತಿ ಅಗಿಯುವುದು ಅವಳ ಕಣ್ಣಿಗೆ ಬಿತ್ತು. ಗ್ಯಾಸ್ ಆರಿಸಿ ಬಂದು ಎದುರು ಕೂತಳು.

"ಗದ್ದ ಯಾಕ ಹಿಡ್ಕೊಂಡೀರಿ?"

"ಹಿಡೀದಿದ್ರ ಅಗಿಯಾಕ ಆಗವಲ್ದು."

ಆಗಲೇ ಅವಳು ನನ್ನ ಎಡಗಣ್ಣಿನ ರೆಪ್ಪೆ ಜೋತುಬಿದ್ದದ್ದನ್ನೂ ಕಂಡಳು. ಜಗಳ ಅಲ್ಲಿಗೇ ಮುಗಿಯಿತು. ಇಬ್ಬರಿಗೂ ಹೆದರಿಕೆಯಾಯಿತು.

ಸಾನಪಾಡಾದ ನರರೋಗದ ಡಾಕ್ಟರು ಎಲ್ಲ ಕೇಳಿ, ಮುಚ್ಚಿದ ಕಣ್ಣಿನ ಮೇಲೆ ಮಂಜುಗಡ್ಡೆಯ ಚೀಲ ಇಟ್ಟರು. ಇಷ್ಟು ದೂರ ಬಂದದ್ದು ಬರ್ಫಕ್ಕೋ ಎಂದು ಹೆಂಡತಿ ಮುಖ ಗಂಟಿಕ್ಕಿದಳು. ಸ್ವಲ್ಪ ಹೊತ್ತಿಗೆ ಚೀಲ ತೆಗೆದರೆ ರೆಪ್ಪೆ ಮೇಲೆದ್ದಿತ್ತು! ಅವಳ ಗಂಟೂ ಬಿಚ್ಚಿತು.

ಡಾಕ್ಟರು ಬಿಡಿಸಿ ಹೇಳಿದರು: ನರವೂ ಸ್ನಾಯುವೂ ಒಂದನ್ನೊಂದು ಮುಟ್ಟುವುದಿಲ್ಲವಂತೆ. ನಡುವೆ ಕಣ್ಣಿಗೆ ಕಾಣದ ಸಂದು. ನರದ ತುದಿ ಒಂದು ರಾಸಾಯನಿಕವನ್ನು ಬಿಡುತ್ತದೆ. ಅದು ಸಂದು ದಾಟಿ ಸ್ನಾಯುವಿನ ಬಾಗಿಲುಗಳನ್ನು ತಟ್ಟಿದರೆ ಸ್ನಾಯು ಎಳೆಯುತ್ತದೆ. ರೋಗ ತಡೆಯಬೇಕಾದ ನನ್ನ ಮೈಯ ಕಾವಲುಗಾರರೇ ಬುದ್ಧಿಗೆಟ್ಟು ಆ ಬಾಗಿಲುಗಳಿಗೆ ಅಡ್ಡ ನಿಂತಿದ್ದರು. ಬಾಗಿಲಿಗೇ ಜನ ಅಡ್ಡ ನಿಲ್ಲುವ ಬೆಳಗಿನ ಲೋಕಲ್ ಹತ್ತಿದವನಿಗೆ ಇದನ್ನು ಮತ್ತೆ ಹೇಳಬೇಕೇ? ಸ್ನಾಯು ದುಡಿದಷ್ಟೂ ನರ ಬಿಡುವ ರಾಸಾಯನಿಕ ಕಡಿಮೆಯಾಗುತ್ತದೆ, ಅದಕ್ಕೇ ಬೆಳಿಗ್ಗೆ ಸರಿಯಿದ್ದ ದವಡೆ ಸಂಜೆಗೆ ಸೋಲುತ್ತಿತ್ತು. ತಂಪಿನಲ್ಲಿ ಆ ರಾಸಾಯನಿಕ ಬೇಗ ಒಡೆದುಹೋಗುವುದಿಲ್ಲ, ಅದಕ್ಕೇ ರೆಪ್ಪೆ ಎದ್ದದ್ದು. ಕಾವಲುಗಾರರದೇ ಈ ಕಿತಾಪತಿ ಎಂದು ರಕ್ತಪರೀಕ್ಷೆಯೂ ಹೇಳಿತು. ಬೇರುಸಹಿತ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡಬಹುದು ಎಂದು ಡಾಕ್ಟರು ಊಟಕ್ಕೆ ಮೊದಲು ನುಂಗುವ ಗುಳಿಗೆ ಬರೆದರು. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ, ಖಡಕ್ ರೊಟ್ಟಿ ತಿನ್ನಬಹುದೋ ಇಲ್ಲವೋ. ಮೊದಲು ಮೆತ್ತನೆಯದು, ಆಮೇಲೆ ನೋಡೋಣ ಎಂದು ಡಾಕ್ಟರು ನಕ್ಕರು.

ಕೆಲವು ವಾರ ಮೆತ್ತನೆಯದನ್ನೇ ತಿಂದೆ. ಒಂದು ಸಂಜೆ ಗುಳಿಗೆ ನುಂಗಿ, ಡಾಕ್ಟರು ಹೇಳಿದಷ್ಟು ಹೊತ್ತು ಕಾದು, ಇವತ್ತು ಖಡಕ್ ರೊಟ್ಟಿಯೇ ಬೇಕೆಂದು ಹಟ ಹಿಡಿದೆ. ಹೆಂಡತಿ ರೊಟ್ಟಿಯ ಡಬ್ಬಿಯನ್ನೇ ತಂದು ನನ್ನ ಮುಂದಿಟ್ಟು ಪಕ್ಕದಲ್ಲಿ ಕೂತಳು. ಮೊದಲ ತುಂಡು ಬಾಯಿಗಿಟ್ಟೆ. ಎಡಗೈ ರೂಢಿಯಂತೆ ತಾನಾಗಿ ಗದ್ದಕ್ಕೆ ಹೋಯಿತು. ಅವಳು ಅದನ್ನು ಕೆಳಗಿಳಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಈಗ ಅಗೀರಿ. ನೋಡೂಣು."

ಕಟಂ ಎಂದಿತು. ದವಡೆ ತಾನೇ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ರೊಟ್ಟಿ ಪೂರ್ತಿ ಮುಗಿದ ಮೇಲೆ, ಇನ್ನೊಂದು ಹಾಕು ಎಂದೆ. ಅವಳು ನನ್ನ ಕೈ ಬಿಡಲಿಲ್ಲ; ನಾನೇ ಬಲಗೈ ಚಾಚಿ ಡಬ್ಬಿಯಿಂದ ತೆಗೆದುಕೊಂಡೆ.