ಇನ್ನೊಂಚೂರು ಹಿಂದಕ್ಕೆ

ಮೊನ್ನೆ ಬಂಗಾರಪೇಟೆಯ ಛತ್ರವೊಂದರಲ್ಲಿ ಮದುವೆಯ ಫೋಟೋಗೆ ನಿಂತಿದ್ದೆವು. ಫೋಟೋದವನು "ಎಲ್ಲಾ ಇನ್ನೊಂಚೂರು ಹಿಂದಕ್ಕೆ" ಎಂದದ್ದೇ ತಡ, ಪಕ್ಕದಲ್ಲಿದ್ದ ಮುನಿಯಕ್ಕನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಗಬೇಡಿ. ಆ ಮಾತನ್ನು ಒಮ್ಮೆ ಆಡಿದವಳು ನಾನು, ನಂಬಿ ಕೇಳಿದವಳು ಅವಳು.

ಡಿಗ್ರಿ ಮುಗಿಸಿ ಬೇರೇನೂ ಸಿಗದೆ, ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಆಚೆಗಿನ ನಮ್ಮೂರಲ್ಲಿ ಉದ್ಯೋಗ ಖಾತ್ರಿ ಕೆಲಸದವರ ಹಾಜರಿ ಹಾಕುತ್ತಿದ್ದೆ. ಪರೀಕ್ಷೆಯಲ್ಲಿ 'ಹಕ್ಕಿನ ಜೊತೆ ಹೊಣೆಯೂ ಇರಬೇಕು' ಎಂದು ಒಂದೂವರೆ ಪುಟ ಬರೆದವಳು ನಾನು. ಇಲ್ಲಿ ಹೊಣೆಯೆಂದರೆ ದಿನಕ್ಕೆರಡು ಸಲ ಎಲ್ಲರ ಮುಖವೂ ನನ್ನ ಮೊಬೈಲಿನ ಒಂದೇ ಫೋಟೋದಲ್ಲಿ ಬೀಳುವುದು. ಬೀಳದಿದ್ದರೆ ಮಣ್ಣು ಹೊತ್ತದ್ದು ಹೊತ್ತಂತಲ್ಲ, ಕೂಲಿಯೂ ಇಲ್ಲ. ಮುನಿಯಕ್ಕ ಅದಕ್ಕೆಂದೇ ಹೂ ಮುಡಿದು ಬರುತ್ತಿದ್ದಳು. "ದಿಲ್ಲಿಯೋರು ನೋಡ್ತಾರಂತೆ, ಬರೀ ತಲೇಲಿ ಎಂಗಮ್ಮಣ್ಣಿ ನಿಂತ್ಕಳ್ಳೋದು?"

ಅವತ್ತು ಕುಂಟೆಯ ಹೂಳು ತೆಗೆಯುತ್ತಿದ್ದರು. ದಡದ ಪೊದೆಗಳ ಹಿಂದೆ, ಚಿನ್ನದ ಆಸೆಗೆ ಯಾವ ಕಾಲದಲ್ಲೋ ಯಾರೋ ತೋಡಿಬಿಟ್ಟ ಗುಂಡಿ. ಅದೆಲ್ಲಿದೆಯೆಂದು ಊರಿನ ಮೇಕೆಗಳಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ನನ್ನ ಕಣ್ಣು ಮೊಬೈಲಿನಲ್ಲಿತ್ತು. ಅದರಲ್ಲಿ ಮುಖಗಳಿದ್ದವು, ನೆಲವಿರಲಿಲ್ಲ. ತುದಿಯಲ್ಲಿ ಮುನಿಯಕ್ಕನ ಮುಖ ಅರ್ಧವಷ್ಟೇ ಕಾಣುತ್ತಿತ್ತು. "ಇನ್ನೊಂಚೂರು ಹಿಂದಕ್ಕಕ್ಕಾ" ಎಂದೆ. ಒತ್ತಿದೆ. ಮುಖವಿದ್ದ ಕಡೆ ಪೊದೆಯೊಂದು ಅಲ್ಲಾಡುತ್ತಿತ್ತು.

ಗುಂಡಿಯ ಬಾಯಲ್ಲಿದ್ದ ಜಾಲಿಯ ಬೊಡ್ಡೆ ಹಿಡಿದು ಅವಳು ನೇತಾಡುತ್ತಿದ್ದಳು. ಅವಳ ಕಾಲಿಂದ ಜಾರಿದ ಕಲ್ಲು ತಳ ಮುಟ್ಟಿದ ಸದ್ದು ಕೇಳಲೇ ಇಲ್ಲ. ನಾನು ಈಗಲೂ ಆ ಸದ್ದಿಗೆ ಕಾಯುತ್ತಿರುತ್ತೇನೆ. ಆಗ ಮಾತ್ರ ಮೊಬೈಲ್ ಹಿಡಿದು ನಿಂತೇ ಇದ್ದೆ. ಉಳಿದ ಹೆಂಗಸರು ಸಿಂಬೆಗೆ ಸುತ್ತಿದ್ದ ಹಳೇ ಸೀರೆ ಬಿಚ್ಚಿ ಎಸೆದು, "ಬುಡಬ್ಯಾಡ ಕಣೇ, ಇಡ್ಕಾ!" ಎಂದು ಅರಚುತ್ತಾ ಮೇಲೆಳೆದರು.

ಮೇಲೆ ಬಂದವಳು ಮೊದಲು ಕೇಳಿದ್ದು, "ನಾನ್ ಬಿದ್ನಾ, ಅಮ್ಮಣ್ಣಿ?"

"ಬಿದ್ದೆ ಕಣಕ್ಕಾ, ಏನೂ ಆಗಿಲ್ಲ" ಎಂದು ಅತ್ತೆ.

"ಥೂ, ಗುಂಡೀಗಲ್ಲ! ಫೋಟೋದಾಗೆ!"

ಎಲ್ಲರೂ ಬಿದ್ದುಬಿದ್ದು ನಕ್ಕರು. ಫೋಟೋ ಮತ್ತೆ ತೆಗೆಯಬೇಕಾಯಿತು. ಮುಳ್ಳು ತರಚಿ ರಕ್ತ ಸೋರುತ್ತಿದ್ದ ಕೈಯಲ್ಲೇ ಹೂ ಸರಿಮಾಡಿಕೊಂಡು ನಿಂತಳು.

ಛತ್ರದಲ್ಲೂ ಅವಳು ನಕ್ಕಳು. "ಇಂದೆ ಗೋಡೆ ಐತೆ ಬುಡಮ್ಮಣ್ಣಿ, ಇಲ್ಲಿ ಬೀಳಾಕಿಲ್ಲ." ಫೋಟೋದವನಿಗೂ ಗೋಡೆ ಕಂಡಿತು. ತಾನೇ ನಾಲ್ಕು ಹೆಜ್ಜೆ ಹಿಂದೆ ಸರಿದ. ಎಲ್ಲರೂ ಫೋಟೋದಲ್ಲಿ ಬಿದ್ದೆವು.

ನಾನು ಮಾತ್ರ ಮುನಿಯಕ್ಕನ ಮೊಣಕೈ ಬಿಡಲಿಲ್ಲ. ಅವತ್ತು ಕುಂಟೆಯ ಹತ್ತಿರ ಮೊಬೈಲ್ ಹಿಡಿದಿದ್ದ ನನ್ನ ಬೆನ್ನ ಹಿಂದೆ ಇದ್ದದ್ದು ರಾಗಿ ಕೊಯ್ದ ಖಾಲಿ ಬಯಲು.